ಅಲ್ಲಿ ಸಿಗ್ನಲ್ ಸಿಗುವುದಿಲ್ಲ

"ವಾರದಿಂದ ಒಂದೇ ನಂಬರು. ನೀವು ಎತ್ತಿ ನಮಸ್ಕಾರ ಅನ್ನೋದರೊಳಗೆ ಇಟ್ಟುಬಿಡ್ತಾನೆ. ಇವನು ಗಿರಾಕಿ ಅಲ್ಲ, ನಮ್ಮ ಮೇಲೆ ಕಣ್ಣಿಡೋಕೆ ಕಂಪನಿ ದೊಡ್ಡವರು ಬಿಟ್ಟಿರೋ ಆಳು," ಎಂದ ಕಿವಿ. "ಇವತ್ತು ಅವನು ಯಾರ ಕೊರಳಿಗೆ ಬೀಳ್ತಾನೋ, ಅವರು ಸಿಮ್ ಮಾರದೆ ಬಿಟ್ಟರೆ ನಾಳೆಯಿಂದ ಮನೇಲಿ ಹಾಯಾಗಿ ಕಾಲು ಚಾಚಿ ಮಲಗಬಹುದು."

ಕಿವಿ ಅಂದರೆ ಅಲ್ಲಿಯ ಮೇಲ್ವಿಚಾರಕ. ಹುಡುಗಿಯರು ಮಾತಾಡುವುದನ್ನು ಕೂತಲ್ಲೇ ಕದ್ದು ಕೇಳುವುದು ಅವನ ಉದ್ಯೋಗವಾದ್ದರಿಂದ ಕಚೇರಿಯೇ ಆ ಬಿರುದು ಕೊಟ್ಟಿತ್ತು. ಹೊರದೇಶಕ್ಕೆ ಹೊರಟವರಿಗೆ ಎಲ್ಲಿ ಯಾವ ಕಂಪನಿಯ ಫೋನು ಚೆನ್ನಾಗಿ ಹಿಡಿಯುತ್ತದೆಂದು ಹೇಳಿ ಸಿಮ್ ಮಾರುವ ಕಚೇರಿ ಅದು. ಉದ್ದನೆಯ ಮೇಜು, ನಡುನಡುವೆ ರಟ್ಟಿನ ಅಡ್ಡಗೋಡೆ, ತಲೆಗೊಂದು ಹೆಡ್‌ಫೋನು. ಕರೆ ಮಾಡಿದವರ ನಂಬರು ಕಾಣುವುದು ಕಿವಿಯ ಪರದೆಯಲ್ಲಿ ಮಾತ್ರ. ಹುಡುಗಿಯರಿಗೆಲ್ಲ ಫೋನಿಗೆಂದೇ ಕಂಪನಿ ಕೊಟ್ಟ ಹೆಸರು. ಅವರವರ ಸ್ವಂತ ಹೆಸರು ಬಾಗಿಲಾಚೆ ಚಪ್ಪಲಿಗಳ ಜೊತೆ ಕಾಯುತ್ತಿತ್ತು.

ಮೂಲೆ ಕುರ್ಚಿಯವಳಷ್ಟು ಚೆನ್ನಾಗಿ ಮಾರುವವರು ಅಲ್ಲಿ ಇನ್ನೊಬ್ಬರಿರಲಿಲ್ಲ. ವಿಮಾನದ ಮೆಟ್ಟಿಲನ್ನೂ ಮುಟ್ಟಿದವಳಲ್ಲ, ಆದರೂ ಯಾವ ದೇಶದ ಹೆಸರು ಹೇಳಿದರೂ ನಿನ್ನೆ ತಾನೇ ಅಲ್ಲಿಂದ ಬಂದಿಳಿದವಳ ಹಾಗೆ ಮಾತಾಡುತ್ತಿದ್ದಳು. ಮಾತು ಮುಗಿದ ಮೇಲೆ ಮಾತ್ರ ಪ್ರತಿ ಸಲವೂ ಕೆನ್ನೆ ಬಿಸಿಯಾಗಿ, ತಲೆ ತಗ್ಗಿಸಿ ಸ್ವಲ್ಪ ಹೊತ್ತು ಕೀಲಿಮಣೆ ನೋಡುತ್ತ ಕೂತುಬಿಡುತ್ತಿದ್ದಳು.

ಊಟ ಮುಗಿಸಿ ಕೂತಿದ್ದಳಷ್ಟೆ, ಕರೆ ಬಂತು. ನಮಸ್ಕಾರ ಎಂದಳು.

"ಅಬ್ಬ, ಸಿಕ್ಕಿದೆಯಲ್ಲ ತಾಯಿ!" ಎಂದಿತು ವಯಸ್ಸಾದ ಗಂಡುದನಿ. "ಎಷ್ಟು ಸಲ ಮಾಡಿದೆ ಗೊತ್ತಾ? ಬೇರೆ ಯಾರ್ಯಾರೋ ಎತ್ತೋರು. ಇಟ್ಟುಬಿಡ್ತಿದ್ದೆ."

ಆಚೆ ಕಿವಿ ಹೆಡ್‌ಫೋನನ್ನು ಅಮುಕಿ ಹಿಡಿದು, 'ಅವನೇ, ಅವನೇ' ಎಂದು ಕೈಸನ್ನೆ ಮಾಡುತ್ತಿದ್ದ. ಅವಳು ಗಂಟಲು ಸರಿಮಾಡಿಕೊಂಡು, ದನಿ ತಗ್ಗಿಸಿ, ಮೂಗಿನಿಂದ ಮಾತು ಹೊರಡಿಸಿದಳು.

"ಯಾವ ದೇಶಕ್ಕೆ ಸರ್?"

"ನೆಗಡಿನಾ ತಾಯಿ? ಬಿಸಿನೀರು ಕುಡಿ. ನನ್ನ ಮಗಳಿರೋ ದೇಶಕ್ಕೆ. ಆಸ್ಪತ್ರೇಲಿ ನರ್ಸು. ಅವಳು ಹೊರಟ ದಿನ ಬೀದಿಗೆ ಬೀದಿನೇ ಬಸ್‌ಸ್ಟ್ಯಾಂಡಿಗೆ ಬಂದಿತ್ತು ಕಳಿಸೋಕೆ. ಆದರೆ ಅವಳದ್ದು ಯಾವುದೋ ಹಾಳು ಸಿಮ್ಮು. ಊಟ ಆಯ್ತಾ ಅನ್ನೋದರೊಳಗೆ ಕಟ್ಟಾಗುತ್ತೆ. ಮುಖ ತೋರಿಸೇ ಅಂದ್ರೆ, ಇಲ್ಲಿ ಸಿಗ್ನಲ್ ಸಿಗಲ್ಲ ಅಂತಾಳೆ. ಒಳ್ಳೇದೊಂದು ತಗೊಂಡು ನಾನೇ ಹೋಗಿ ಕೊಟ್ಟು ಬರೋಣ ಅಂತ. ಯಾವ ಕಂಪನಿದು ಚೆನ್ನಾಗಿದೆ?"

ಕೆಂಪು, ನೀಲಿ, ಹಸಿರು ಎಂದು ಕಚೇರಿಯಲ್ಲೂ ಗಿರಾಕಿಗಳ ಬಾಯಲ್ಲೂ ಮೂರು ಕಂಪನಿಗಳಿಗೂ ಬಣ್ಣದ ಹೆಸರು. ಯಾವುದು ಒಳ್ಳೆಯದೆಂದು ಅವಳು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು.

"ಕೆಂಪುದು ವಿಮಾನ ನಿಲ್ದಾಣ ದಾಟಿದರೆ ಸತ್ತಂಗೆ ಸರ್. ನೀಲಿದರಲ್ಲಿ ಕರೆ ಹತ್ತೋದೇ ಇಲ್ಲ."

ಕಿವಿ ಎದ್ದು ನಿಂತ.

"ಹಸಿರು ಚೆನ್ನಾಗಿದೆಯಂತಲ್ಲ? ಎದುರುಮನೆ ಮೇಷ್ಟ್ರು ನಿಮ್ಮಲ್ಲೇ ತಗೊಂಡು ಹೋಗಿ ಬಂದ್ರು. ಪಕ್ಕದಲ್ಲೇ ಕೂತು ಮಾತಾಡಿದಂಗಿತ್ತು ಅಂದ್ರು. ಸಿಮ್ ಕೊಟ್ಟ ಹುಡುಗಿಯನ್ನಂತೂ ಬಾಯ್ತುಂಬ ಹೊಗಳಿದ್ರು. 'ನೀವೂ ಒಂದ್ಸಲ ಆ ದನಿ ಕೇಳಿ ನೋಡಿ' ಅಂತ ನಂಬರನ್ನೂ ಅವರೇ ಕೊಟ್ಟಿದ್ದು."

"ಹಸಿರೂ... ಈಗ ಕೆಟ್ಟುಹೋಗಿದೆ ಸರ್."

ಸುಳ್ಳು ಬಾಯಿಂದ ಜಾರಿಬಿದ್ದಿತ್ತು. ಬೆಳಗ್ಗೆಯಿಂದ ಅವಳು ಕಂಡಕಂಡವರಿಗೆಲ್ಲ ಹಸಿರನ್ನೇ ಮಾರಿದ್ದಳು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಹೆಡ್‌ಫೋನಿನಾಚೆಗೂ ಕೇಳುತ್ತಿದ್ದ ಮುದುಕನ ಜೋರು ದನಿಗೆ ಪಕ್ಕದ ಕುರ್ಚಿಯವಳು ಅಡ್ಡಗೋಡೆಯ ಮೇಲಿಂದ ಇಣುಕಿದಳು.

"ಮುದುಕನ ಮೇಲೆ ಕನಿಕರ ಬಂತೇನೇ?" ಎಂದು ಪಿಸುಗುಟ್ಟಿದಳು. "ಅದು ಅಸಲಿ ಮುದುಕನೂ ಅಲ್ಲ, ಮಗಳೂ ಇಲ್ಲ ಗಿಗಳೂ ಇಲ್ಲ. ಎಲ್ಲಾ ನಾಟಕ ಕಣೇ. ಮಾರಿ ಕೈತೊಳ್ಕೋ!"

ಅಷ್ಟರಲ್ಲಿ ಕಿವಿ ಹಿಂದೆಯೇ ಬಂದು ನಿಂತಿದ್ದ. "ಹುಚ್ಚಾ ನಿನಗೆ? ಹಸಿರು ಕೊಡು!" ಎಂದು ಹಲ್ಲು ಕಚ್ಚಿ ಉಸುರಿದ. ಅವಳು ಹಿಂತಿರುಗಲಿಲ್ಲ. ಕಣ್ಣು ಮುಚ್ಚಿಕೊಂಡಳು.

"ಸರ್, ಈಗ ಹೋಗಬೇಡಿ. ಅಲ್ಲಿ ಮೈ ಕೊರೆಯೋ ಚಳಿ. ಈ ವಯಸ್ಸಲ್ಲಿ ಅಷ್ಟು ದೂರ ಯಾಕೆ? ನಿಮ್ಮ ಮಗಳಿಗೂ ರಜ ಸಿಗುತ್ತೋ ಇಲ್ವೋ."

"ಅದು ನಿನಗೆ ಹೆಂಗೆ ಗೊತ್ತು ತಾಯಿ?"

"ಹೋಗಿಬಂದವರು... ಹೇಳ್ತಿರ್ತಾರೆ ಸರ್."

"ದರ್ಜಿ ಆದ್ರೇನು, ನಾನೇನು ಹೊಲಿಗೆ ಮಿಷನ್ ಹೊತ್ಕೊಂಡು ಹೋಗಿ ಅವಳ ಮರ್ಯಾದೆ ಕಳೆಯಲ್ಲ. ಒಂದು ಮೂಲೇಲಿ ಕೂತು ಮುಖ ನೋಡ್ಕೊಂಡು ಬರ್ತೀನಿ, ಅಷ್ಟೆ. ಟಿಕೆಟ್ ತೆಗೆಸೋದೊಂದು ಬಾಕಿ. ಅದಕ್ಕೆ ಮುಂಚೆ ನಿನ್ನನ್ನ ಕೇಳೋಣ ಅಂತ. ಹೇಳೋದು ಏನಾದ್ರೂ ಇದ್ರೆ ಈಗಲೇ ಹೇಳಿಬಿಡು ತಾಯಿ."

ಕಿವಿ ಕರೆಯನ್ನು ತಾನೇ ತೆಗೆದುಕೊಳ್ಳಲು ಅವಳ ಹೆಡ್‌ಫೋನಿಗೆ ಕೈಹಾಕಿದ. ಅವಳು ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದುಕೊಂಡಳು. ಕೆಲಸ ಹೋದರೂ ಹೋಗಲಿ, ಈ ಮನುಷ್ಯ ಮಾತ್ರ ವಿಮಾನ ಹತ್ತಕೂಡದು. ಮೂಗಿನ ದನಿ ಎಲ್ಲೋ ಕಳಚಿಬಿದ್ದಿತ್ತು.

"ಹೋಗಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಹೋಗಬೇಡಿ."

ಆ ಕಡೆಯ ದನಿ ಮೆತ್ತಗಾಯಿತು.

"ಹೋಗಲ್ಲ ಬಿಡು ಮಗಳೇ. ಅಲ್ಲಿ ಕೆಲಸ ಸಿಗಲಿಲ್ಲ ಅಂದ್ರೆ ಸಿಗಲಿಲ್ಲ, ಅದಕ್ಯಾಕೆ ನಮ್ಮಿಂದ ಇಷ್ಟು ಬಚ್ಚಿಟ್ಕೋತೀಯ? ನೀನೇ ಬಸ್ ಹತ್ತಿ ಬಾ, ನಿಮ್ಮಮ್ಮ ಬಾಗಿಲಲ್ಲೇ ಕೂತಿದ್ದಾಳೆ."