ನಿಂತಿದೆ

ಲಾಂಡ್ರಿ ಅಂಗಡಿಯ ಹಿಂಗೋಣೆಯಲ್ಲಿ ಸೊಸೆ ಮೀನಿನ ವ್ಯಾಪಾರಿಯ ಕೋಟನ್ನು ಮುಖಕ್ಕೆ ಒತ್ತಿಕೊಂಡು ಜೋರಾಗಿ ಉಸಿರೆಳೆದಳು. ಕಾದಳು. ಹೊಟ್ಟೆ ತೊಳಸಲಿಲ್ಲ, ಬಾಯಲ್ಲಿ ನೀರೂರಲಿಲ್ಲ. ಕೋಟಿನಲ್ಲಿ ಮೀನಿತ್ತು, ಬೆವರಿತ್ತು, ಹಳೇ ಸಿಗರೇಟಿನ ಹೊಗೆಯಿತ್ತು. ಎಲ್ಲವೂ ಬರೀ ವಾಸನೆಗಳಾಗಿ ಬಂದು, ಬಂದ ಹಾಗೇ ಹೋದವು. ನಿನ್ನೆ ಇದೇ ಕೋಟಿನ ತೋಳು ಗಂಟಿನಿಂದ ಹೊರಗೆ ಇಣುಕಿದ್ದಕ್ಕೇ ಅವಳು ಸಿಂಕಿನತ್ತ ಓಡಿದ್ದಳು.

ಮೂಸುವುದು ಅವಳ ಕೆಲಸ. ಒಣಗಿದ ಮೇಲೆ ಕಣ್ಣಿಗೆ ಎಲ್ಲ ಕಲೆಯೂ ಒಂದೇ. ಎಣ್ಣೆಯದೋ, ಹಣ್ಣಿನ ರಸದ್ದೋ, ರಕ್ತದ್ದೋ ಎಂದು ಮೂಗೇ ಹೇಳಬೇಕು. ಬಸುರಾದ ಮೇಲಂತೂ ಅದು ಮೂಗಲ್ಲ, ಪೊಲೀಸ್ ನಾಯಿ ಎನ್ನುತ್ತಿದ್ದರು ಅತ್ತೆ. ಯಾವ ಗಂಡಸು ಯಾರ ಸೆಂಟು ಅಂಟಿಸಿಕೊಂಡು ಮನೆಗೆ ಹೋಗಿದ್ದಾನೆ ಅನ್ನೋದೂ ಇವಳಿಗೆ ಗೊತ್ತು, ಊರಿನ ಪುಣ್ಯಕ್ಕೆ ಚಾಡಿ ಹೇಳೋ ಬುದ್ಧಿ ಒಂದಿಲ್ಲ, ಎಂದು ನಗುತ್ತಿದ್ದರು. ಅಷ್ಟು ಮಾತಿನ ಮಲ್ಲಿ ಅತ್ತೆಯೂ ಬಸುರಿನ ಸುದ್ದಿಯನ್ನು ಮಾತ್ರ ಮಗಳಿಗೂ ಹೇಳಿರಲಿಲ್ಲ. ಹಿಂದಿನ ಎರಡು ಸಲ ಹೇಳಿ ಕೆಟ್ಟಿದ್ದರು. ಡಾಕ್ಟರಮ್ಮನ ಬಾಯಿಂದ ಗರ್ಭ 'ನಿಂತಿದೆ' ಅನ್ನೋ ಮಾತು ಬರೋವರೆಗೂ ಯಾರೂ ತುಟಿ ಬಿಚ್ಚಕೂಡದು ಎಂಬುದು ಅವರದೇ ಕಟ್ಟಪ್ಪಣೆ.

ದಿನಾ ಬೆಳಗ್ಗೆ ಕರುಳೇ ಕಿತ್ತು ಬಾಯಿಗೆ ಬರುವಂತೆ ಸೊಸೆ ಕಕ್ಕುವಾಗ ಅತ್ತೆ ಹಣೆ ಹಿಡಿದು ನಿಲ್ಲುತ್ತಿದ್ದರು. "ಆಗ್ಲಿ ಬಿಡು ಮಗಳೇ, ಬಳ್ಳಿ ಗಟ್ಟಿಯಾಗಿ ಹಿಡ್ಕೊಂಡಷ್ಟೂ ಚಪ್ಪರ ಅಲ್ಲಾಡುತ್ತೆ" ಎನ್ನುತ್ತಿದ್ದರು. ಹಿಂದಿನ ಎರಡು ಸಲವೂ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಚಪ್ಪರ ಅಲ್ಲಾಡಿರಲಿಲ್ಲ. ಅಬ್ಬ, ಕಷ್ಟ ಕಳೆಯಿತು ಎಂದು ಸೊಸೆ ಹೊಟ್ಟೆ ತುಂಬ ಉಂಡಿದ್ದಳು. ವಾರ ತಿರುಗುವುದರೊಳಗೆ ಹೊಟ್ಟೆ ಖಾಲಿಯಾಗಿತ್ತು.

ಈ ದಿನ ಅವಳಿಗೆ ಎಚ್ಚರವಾದದ್ದು ಹಸಿವಿನಿಂದ. ಗಂಡನಿಗೆ ಹೇಳಿದಳು. ಅವನು ಅಂಗಳಕ್ಕೆ ಹೋಗಿ ಡಾಕ್ಟರಮ್ಮನಿಗೆ ಫೋನು ಮಾಡಿದ, ಹೋಟೆಲಿನ ಬಟ್ಟೆ ಕೊಟ್ಟು ವ್ಯಾನು ತರುತ್ತೇನೆ, ಆಸ್ಪತ್ರೆಗೆ ಹೋಗೋಣ, ಅಲ್ಲಿಯವರೆಗೆ ಅಮ್ಮನಿಗೆ ಹೇಳಬೇಡ ಎಂದು ಹೊರಟ. ಹೇಳದೆ ಇರಲು ಅವಳಿಂದ ಆಗಲಿಲ್ಲ. ಇಸ್ತ್ರಿಯ ಯಂತ್ರದ ಮುಂದಿದ್ದ ಅತ್ತೆಯ ಹತ್ತಿರ ಹೋಗಿ, ವಾಂತಿ ನಿಂತಿದೆ ಎಂದಳು. ಯಂತ್ರ ಭುಸ್ ಎಂದು ಹಬೆ ಬಿಟ್ಟು ಮೊದಲನೇ ಮಾತನ್ನು ನುಂಗಿಕೊಂಡಿತು. ಏನಂದೆ ಎಂದು ಅತ್ತೆ ಹಬೆಯೊಳಗಿನಿಂದ ಕೇಳಿದರು.

"ನಿಂತಿದೆ, ಅತ್ತೆ."

ಬೆಳಗ್ಗೆ ಮಗ ಡಾಕ್ಟರಮ್ಮನ ಜೊತೆ ಫೋನಿನಲ್ಲಿದ್ದಾನೆ ಎಂಬುದಷ್ಟೇ ಅತ್ತೆಗೆ ಕಿಟಕಿಯಿಂದ ತಿಳಿದಿತ್ತು, ಏನು ಮಾತೆಂದು ಕೇಳಿಸಿರಲಿಲ್ಲ. ಒದ್ದೆ ಕೈಯಲ್ಲೇ ಸೊಸೆಯ ಎರಡೂ ಕೆನ್ನೆ ಹಿಡಿದರು, ಮುಂಗೋಣೆಗೆ ನಡೆದು ಮಗಳಿಗೆ ಫೋನು ಮಾಡಿದರು. ಸೊಸೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಪರದೆಯ ಆಚೆಯಿಂದ ಅವರ ದನಿ ಕೇಳಿಸಿತು.

"ನಿಂತಿದೆ ಕಣೇ, ಈ ಸಲ ನಿಂತಿದೆ. ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡು ನಾನೇ ಬಸುರಿ ಥರ ಆಗಿದ್ದೆ. ನಿನ್ನ ಚಿಕ್ಕಮ್ಮನಿಗೆ ನೀನೇ ಹೇಳಿಬಿಡು. ನಂಗೆ ಅಳು ಬರ್ತಿದೆ."

ಸೊಸೆ ಪರದೆಯವರೆಗೆ ಹೋದಳು. ಆ ದನಿಯನ್ನು ನಡುವೆ ಕತ್ತರಿಸಲು ಬಾಯಿ ಬರಲಿಲ್ಲ. ತಿರುಗಿ ಬಂದು ನೆಲದ ಮೇಲೆ ಕೂತು ಗಂಟುಗಳನ್ನು ಬಿಚ್ಚಿದಳು. ಗ್ಯಾರೇಜಿನವನ ಅಂಗಿ ಮೂಸಿದಳು. ಹಾಸಿಗೆ ಹಿಡಿದಿದ್ದ ಮುದುಕರೊಬ್ಬರ ಹೊದಿಕೆ ಮೂಸಿದಳು. ಕಾಲುಚೀಲಗಳನ್ನು ಜೊತೆ ಜೊತೆಯಾಗಿ ಎತ್ತಿ ಮೂಗಿಗೆ ಹಿಡಿದಳು. ಒಂದಾದರೂ, ಒಂದೇ ಒಂದಾದರೂ ಅವಳನ್ನು ಎಬ್ಬಿಸಿ ಸಿಂಕಿಗೆ ಓಡಿಸಲಿಲ್ಲ.

ಕಣ್ಣೊರೆಸಿಕೊಳ್ಳುತ್ತಾ ಒಳಗೆ ಬಂದ ಅತ್ತೆ ಅದನ್ನು ಕಂಡು ಗದರಿದರು. ಆ ಕೊಳಕನ್ನೆಲ್ಲ ಮೈಮೇಲೆ ಹಾಕ್ಕೊಂಡು ಕೂತಿದ್ದೀಯಲ್ಲ, ಇನ್ನು ಮೇಲೆ ಕೌಂಟರಿನಲ್ಲಿ ರಾಣಿ ಹಾಗೆ ಕೂತ್ಕೋ, ಮೂಸೋಕೆ ನಿನ್ನ ಗಂಡನಿಗೂ ದೇವರು ಮೂಗು ಕೊಟ್ಟಿದ್ದಾನೆ ಎಂದರು.

"ಅತ್ತೆ," ಎಂದಳು ಸೊಸೆ, ಹೊದಿಕೆಯಿಂದ ಮುಖ ಎತ್ತದೆ. "ನಿಂತಿರೋದು ವಾಂತಿ."

ಅತ್ತೆಯ ಮುಖದ ನಗು ಕೂಡಲೇ ಹೋಗಲಿಲ್ಲ. ಮಾತು ಕಿವಿಗೆ ಬಿದ್ದ ಮೇಲೂ ಹೊರಡಲು ತಿಳಿಯದ ನೆಂಟರ ಹಾಗೆ ಸ್ವಲ್ಪ ಹೊತ್ತು ಅಲ್ಲೇ ಇತ್ತು.

"ಯಾವಾಗಿಂದ?"

"ಎದ್ದಾಗಿಂದ. ಹಸಿವಾಗ್ತಿದೆ, ಅತ್ತೆ."

ಅತ್ತೆ ಕಪಾಟಿನ ಹಿಂದೆ ಕೈಹಾಕಿ ಒಂದು ಪ್ಲಾಸ್ಟಿಕ್ ಚೀಲ ಎಳೆದರು. ಮಾಂಸದಂಗಡಿಯ ಏಪ್ರನ್‌ಗಳು, ಸೊಸೆಯ ಮೂಗಿಗೆ ತಾಗದಿರಲಿ ಎಂದು ಅವರೇ ಬಚ್ಚಿಟ್ಟಂಥವು. ಗಂಟು ಬಿಚ್ಚಿದ್ದೇ ಅವರಿಗೆ ಓಕರಿಕೆ ಬಂತು. ಸೆರಗಿನಿಂದ ತಮ್ಮ ಬಾಯಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಒಂದು ಏಪ್ರನ್ ಎತ್ತಿ, ಮಗುವಿಗೆ ತುತ್ತು ಹಿಡಿದ ಹಾಗೆ ಸೊಸೆಯ ಮುಖದ ಹತ್ತಿರ ಹಿಡಿದರು.

"ಇದನ್ನೊಂದು ಸಲ ಮೂಸು, ನನ್ನಮ್ಮ."

ಸೊಸೆ ಕಣ್ಣು ಮುಚ್ಚಿ ಎದೆ ತುಂಬ ಎಳೆದುಕೊಂಡಳು. ಇಬ್ಬರೂ ಕಾದರು. ಸೊಸೆ ಇಲ್ಲವೆಂದು ತಲೆಯಾಡಿಸಿದಳು.

ಅತ್ತೆಯ ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಬಡಿದುಕೊಂಡಿತು; ಸೆರಗು ಬಿಟ್ಟ ಕೈಯಲ್ಲಿ ಎತ್ತಿಕೊಂಡರು. ಸುದ್ದಿ ಆಗಲೇ ತಲುಪಿತ್ತು. ಅತ್ತೆಯ ತಂಗಿ ಹಲೋ ಅನ್ನುವುದಕ್ಕೂ ಬಿಡದೆ ನಗುತ್ತಿದ್ದುದು ಸೊಸೆಗೂ ಕೇಳಿಸುತ್ತಿತ್ತು. ಅವಳಿಗೆ ಕೊಡು, ಒಂದು ಮಾತಾಡ್ತೀನಿ ಎಂದಳು ಆಕೆ. ಅತ್ತೆ ಏಪ್ರನ್ ಹಿಡಿದ ಕೈ ಇಳಿಸದೆ, ಸೊಸೆಯ ಮುಖವನ್ನೇ ನೋಡುತ್ತಾ ಹೇಳಿದರು:

"ಮಾತಾಡೋ ಸ್ಥಿತೀಲಿಲ್ಲ ಕಣೇ ಅವಳು. ಬೆಳಗ್ಗೆಯಿಂದ ಒಂದೇ ಸಮ ವಾಂತಿ. ಪಾಪ, ಒಂದು ಗುಟುಕು ನೀರೂ ಹೊಟ್ಟೇಲಿ ನಿಲ್ತಿಲ್ಲ."