ಫಾಗ್ ಲೈಟಿನ ಸನ್ನೆ

ಲಿಮುರು ಇಳಿಜಾರಿನಲ್ಲಿ ಕಾರು ಜಾರಿ, ಗಿರ್ರನೆ ತಿರುಗಿ, ಬಂದ ದಾರಿಗೇ ಮುಖಮಾಡಿ ನಿಂತಿತ್ತು. ಸೀಟಿನಡಿ ಸಿಕ್ಕಿಕೊಂಡ ಮಗಳ ಕಾಲನ್ನು ಎಳೆದೆಳೆದು ಮುಗುರೆಯ ಕೈ ಸೋತಿತ್ತು.

"ಅಮ್ಮಾ, ಲಾರಿ ಬರ್ತಿದೆ!"

ಮಂಜಿನಾಚೆ ಹಾರ್ನ್ ಮೊಳಗಿತು. ಫಾಗ್ ಲೈಟ್ ಉರಿಯುತ್ತಲೇ ಇತ್ತು. ಎದುರಿನಿಂದ ಯಾವುದೋ ಕಾರು ಬರುತ್ತಿದೆ ಎಂದುಕೊಂಡು ಯಾರೂ ನಿಲ್ಲುವುದಿಲ್ಲ. ನಿನ್ನೆ ಬಿಸಿಲಲ್ಲಿ ನಿಯಮ ಮೀರಿ ಈ ದೀಪ ಉರಿಸಿಕೊಂಡು ಹೊರಟವಳಿಗೆ, ಮುಂದೆ ಪೊಲೀಸರಿದ್ದಾರೆಂದು ಎದುರಿನ ಮಟಾಟು ವ್ಯಾನಿನವನು ದೀಪ ಮಿಟುಕಿಸಿ ದಂಡ ತಪ್ಪಿಸಿದ್ದ. ಮುಗುರೆ ಹಾಗೆಯೇ ಮಿಟುಕಿಸಿದಳು. ಮತ್ತೆ, ಮತ್ತೆ.

ಲಾರಿ ನಿಧಾನಿಸಿ, ಮೂತಿ ತಾಗುವಷ್ಟು ಹತ್ತಿರ ಬಂದು ನಿಂತಿತು. ಚಾಲಕ ಅವಸರದಲ್ಲಿ ಬೆಲ್ಟ್ ಬಿಗಿದುಕೊಳ್ಳುತ್ತ ತಲೆ ಹೊರಹಾಕಿದ.

"ಪೊಲೀಸ್ ಎಲ್ಲವ್ರೆ ತಾಯಿ?"

"ಪೊಲೀಸ್ ಇಲ್ಲಪ್ಪಾ. ನನ್ನ ಮಗಳಿದಾಳೆ."