ಬಟ್ಟಲು ಕೇಳದವನು

“ಉಣ್ಣಿ ಭಾವ, ಹಸಿದು ಬಂದಿದ್ದೀರಿ,” ಎಂದ ನಿತ್ಯಾನಂದ, ಹೋಟೆಲಿನ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕುತ್ತ.

ಬಂದವನು ಎಲೆ ನೋಡಿದ. ಕುಚ್ಚಲಕ್ಕಿ ಅನ್ನದ ಹಬೆ ಏಳುತ್ತಿತ್ತು. ಬದಿಯಲ್ಲಿ ಬಸಳೆ ಪದಾರ್ಥ. ಎಲೆಯ ಬಲಕ್ಕೆ ಒಂದು ಚಮಚ. ಎಡಕ್ಕೆ, ನುಣ್ಣಗೆ ಕೆತ್ತಿದ ಎರಡು ಬಿದಿರು ಕಡ್ಡಿ.

ಮೂಡುಬಿದಿರೆಯ ಬಸ್ಸು ನಿಲ್ಲುವಲ್ಲಿನ ಈ ಊಟದ ಹೋಟೆಲು ನಡುಮಧ್ಯಾಹ್ನ ಮುಚ್ಚಿದ್ದನ್ನು ಊರಿನವರು ಕಂಡಿರಲಿಕ್ಕಿಲ್ಲ. ಇವತ್ತು ಮುಚ್ಚಿತ್ತು. ಒಳಗೆ ನಾಲ್ಕೇ ಜನ. ಯಜಮಾನ ನಿತ್ಯಾನಂದ, ಅವನ ಹೆಂಡತಿ ಪ್ರೇಮಾವತಿ, ಬೆಂಚಿನ ಮೇಲೆ ಕಾಲು ಮಡಚಿ ಕೂತ ಹಸನಬ್ಬ ಬ್ಯಾರಿ; ಮತ್ತೆ, ಬೆಳಗ್ಗಿನ ಬಸ್ಸಿನಲ್ಲಿ ಬಂದಿಳಿದು “ನಾನು ವೆಂಕಪ್ಪ, ನಿನ್ನ ಅಣ್ಣ” ಎಂದು ಪ್ರೇಮಾವತಿಯ ಮುಂದೆ ನಿಂತ ಈ ಮನುಷ್ಯ.

ಅವಳಿಗೆ ಗುರುತು ಹತ್ತಿರಲಿಲ್ಲ. ಹತ್ತುವುದಾದರೂ ಹೇಗೆ? ವೆಂಕಪ್ಪ ಸಿಂಗಾಪುರಕ್ಕೆಂದು ಕೊಕ್ಕಡದ ಮನೆಯಿಂದ ಹೊರಟದ್ದು ಮೂವತ್ತೊಂಬತ್ತನೇ ಇಸವಿಯಲ್ಲಿ. ಅವಳಿಗಾಗ ಆರು ವರ್ಷ. ಈಗ ಐವತ್ತೈದನೇ ಇಸವಿ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಬಂದವನ ಮುಖದ ತುಂಬ ಸಿಡುಬಿನ ಕಲೆ. ಅಣ್ಣ ಎಂದರೆ ಅವಳ ಪಾಲಿಗೆ ಪೆಟ್ಟಿಗೆಯಲ್ಲಿದ್ದ ಪತ್ರಗಳು, ಅಷ್ಟೆ.

“ಬೇಜಾರು ಮಾಡಬೇಡಿ,” ಎಂದ ನಿತ್ಯಾನಂದ. “ಹೋದ ವರ್ಷ ಬಂಟ್ವಾಳದಲ್ಲಿ ಒಬ್ಬ ಹೀಗೇ ರಂಗೂನಿನ ಮಗ ಅಂತ ಬಂದ. ಆರು ತಿಂಗಳು ಉಂಡ. ಹೋಗುವಾಗ ಸೊಸೆಯ ಬಳೆಗಳೂ ಹೋದವು.”

“ಹಸುವಿನ ಹೆಸರು ಹೇಳಿದೆ. ಅಮ್ಮ ಜಾರಿ ಬಿದ್ದ ಕಲ್ಲು ಯಾವುದೆಂದು ಹೇಳಿದೆ,” ಎಂದ ಬಂದವನು.

“ಎಲ್ಲ ಪತ್ರದಲ್ಲಿ ಉಂಟಲ್ಲ. ಪತ್ರ ಓದಿದ ಯಾರು ಬೇಕಾದರೂ ಹೇಳ್ತಾರೆ.”

ಅದು ನಿಜ. ಆ ಪತ್ರಗಳು ಬಂದವನಿಗೆ ಬಾಯಿಪಾಠ. ಕೈಬರಹ ಹೋಲಿಸಿ ನೋಡುವಂತೆಯೂ ಇರಲಿಲ್ಲ. ವೆಂಕಪ್ಪನಿಗೆ ಅಕ್ಷರ ಬಾರದು, ಎಲ್ಲ ಹೇಳಿ ಬರೆಸಿದವು. ಅಂಚೆಯಲ್ಲಿ ಬಂದವೂ ಅಲ್ಲ. ಕಣ್ಣೂರಿನಿಂದ ಒಣಮೀನು ತರುತ್ತಿದ್ದ ಮಮ್ಮು “ಹಡಗಿನವರು ಕೊಟ್ಟರು” ಎಂದು ತಂದುಕೊಡುತ್ತಿದ್ದ. ಹೋದ ವರ್ಷ ಮಮ್ಮು ತೀರಿಕೊಂಡ, ಪತ್ರವೂ ನಿಂತಿತು.

“ಅಷ್ಟು ದೊಡ್ಡ ಯುದ್ಧ ಆಯಿತು, ಜಪಾನಿನವರು ಬಂದರು. ಆಗಲೂ ಅಣ್ಣನ ಪತ್ರ ತಪ್ಪಲಿಲ್ಲ,” ಎಂದಳು ಪ್ರೇಮಾವತಿ. “ಅದನ್ನು ಓದಲಿಕ್ಕೆಂದೇ ನಾನು ಅಕ್ಷರ ಕಲಿತದ್ದು.”

“ಸಿಂಗಾಪುರದ ಅಣ್ಣ ಇದ್ದಾನೆಂದೇ ನನ್ನ ಅಪ್ಪ ಈ ಸಂಬಂಧಕ್ಕೆ ಒಪ್ಪಿದ್ದು,” ಎಂದ ನಿತ್ಯಾನಂದ. “ಅದೇ ಅಣ್ಣ ಬರೆದಿದ್ದಾನೆ: ಕೈಯಲ್ಲಿ ಉಣ್ಣುವುದು ಮರೆತೇಹೋಯಿತು, ಈಗ ಏನಿದ್ದರೂ ಕಡ್ಡಿ. ಚಮಚವೂ ಇಟ್ಟಿದ್ದೇನೆ. ಯಾವುದು ಬೇಕೋ ನೋಡಿ.”

ಬಂದವನು ಕಡ್ಡಿಗಳನ್ನು ನೋಡಿದ. ಕಡ್ಡಿಯ ಮಾತು ಪತ್ರದಲ್ಲಿದ್ದದ್ದು ಅವನಿಗೆ ಗೊತ್ತಿತ್ತು. ಯಾರಾದರೂ ಒಂದು ದಿನ ಕಡ್ಡಿಯನ್ನೇ ತಂದು ಎಲೆಯ ಪಕ್ಕ ಇಟ್ಟಾರೆಂದು ಎಣಿಸಿರಲಿಲ್ಲ. ಕೈಯಲ್ಲಿ ಕಲಸಿದರೆ ಪತ್ರ ಸುಳ್ಳಾಗುತ್ತದೆ. ಚಮಚ ಹಿಡಿದರೆ ಸಂಶಯ ಉಳಿಯುತ್ತದೆ. ಬಾಗಿಲಿಗೆ ಅಗುಳಿ ಬಿದ್ದಿದೆ.

ಅವನು ಕಡ್ಡಿ ಎತ್ತಿಕೊಂಡ.

ಮೊದಲ ಅಗುಳು ಜಾರಿತು. ಎರಡನೆಯದು ತುಟಿಯವರೆಗೆ ಬಂದು ಪಂಚೆಗೆ ಬಿತ್ತು. ಕಡ್ಡಿಗಳು ಒಂದರ ಮೇಲೊಂದು ಹತ್ತಿ ಕತ್ತರಿಯಾದವು. ಪ್ರೇಮಾವತಿ ಸೆರಗಿನ ತುದಿ ಹಿಡಿದು ಅವನ ಕೈಯನ್ನೇ ನೋಡುತ್ತಿದ್ದಳು. ಹೇಗಾದರೂ ಒಂದು ತುತ್ತು ಬಾಯಿಗೆ ಹೋಗಲಿ ಎಂದು ಅವಳಿಗಿತ್ತು.

“ಎಂಥ ಮಾರಾಯ, ಹೇನು ಹೆಕ್ಕಿದ ಹಾಗೆ ಹೆಕ್ತೀಯಲ್ಲ!” ಹಸನಬ್ಬ ತೊಡೆ ತಟ್ಟಿ ನಕ್ಕ. ಸಿಂಗಾಪುರದಲ್ಲಿ ಚೀನಿಯವನೊಬ್ಬನ ಅಂಗಡಿಯಲ್ಲಿ ಎಂಟು ವರ್ಷ ಅನ್ನ ಬಡಿಸಿದವನು ಅವನು, ಕಡ್ಡಿಗಳೂ ಅವನವೇ. “ನಿತ್ಯಾನಂದಣ್ಣ, ಇವ ಅಲ್ಲಿ ಒಂದು ದಿನ ಇದ್ದವ ಅಲ್ಲ. ಇದ್ದವನಾದರೆ ಮೊದಲು ಬಟ್ಟಲು ಕೇಳ್ತಿದ್ದ. ಬಟ್ಟಲನ್ನು ಬಾಯಿಗೇ ಹಿಡಿಯುವುದು, ಕಡ್ಡಿಯಲ್ಲಿ ಒಳಗೆ ನೂಕುವುದು. ಎಲೆಯಿಂದ ಕಡ್ಡಿಯಲ್ಲಿ ಯಾರು ಉಣ್ತಾರೆ?”

“ಆದರೆ ಅಣ್ಣ ಹಾಗೇ ಬರೆದಿದ್ದಾನಲ್ಲ,” ಎಂದಳು ಪ್ರೇಮಾವತಿ. “ಅಲ್ಲಿಯೂ ಬಾಳೆ ಎಲೆಯಲ್ಲೇ ಬಡಿಸುವುದು, ಒಂದೊಂದೇ ಅಗುಳು ಕಡ್ಡಿಯಲ್ಲಿ ಹೆಕ್ಕುವುದು ಅಂತ.”

ಹಸನಬ್ಬನ ನಗು ನಿಂತಿತು. “ಪತ್ರದಲ್ಲಾ? ಹಾಗೆ ಉಂಟಾ?” ಹುಬ್ಬು ಗಂಟಿಕ್ಕಿತು. “ಹಾಗಾದರೆ ತಂಗೀ, ಆ ಪತ್ರ—”

“ನಾನು ವೆಂಕಪ್ಪ ಅಲ್ಲ!”

ಬಂದವನು ಕಡ್ಡಿ ಕೆಳಗಿಟ್ಟಿದ್ದ. “ಕಣ್ಣೂರಿನಲ್ಲಿ ಕೂಲಿ ಮಾಡ್ತಿದ್ದೆ. ಮಮ್ಮುವಿನ ಪರಿಚಯ. ಅವನ ಕೈಯಲ್ಲಿ ಬರುತ್ತಿದ್ದ ಪತ್ರಗಳನ್ನು ಯಾರಿಂದಲೋ ಓದಿಸಿ ಕೇಳಿದೆ, ಬಾಯಿಪಾಠ ಮಾಡಿದೆ. ಪತ್ರ ಸುಳ್ಳಲ್ಲಮ್ಮ. ಸುಳ್ಳು ನಾನು.”

ನಿತ್ಯಾನಂದನ ಕೈ ಮೇಲೆದ್ದಿತು. ಹಸನಬ್ಬ ಎದ್ದು ಆ ಕೈ ಹಿಡಿದ. ಎಲೆಯ ಮುಂದೆ ಕೂತವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಪ್ರೇಮಾವತಿಯ ಕಡೆ ತಿರುಗಿ, “ಬಾಳೆ ಎಲೆಯಲ್ಲಿ ಬಡಿಸುವ ಜಾಗವೂ ಇರಬಹುದು ತಂಗೀ. ಸಿಂಗಾಪುರ ಇಡೀ ನಾನು ನೋಡಿದ್ದೇನಾ?” ಎಂದ.

ಅವಳು ಸೆರಗಿನ ತುದಿ ಬಿಟ್ಟಳು. “ಅಣ್ಣ ಬರುವಾಗ ಬರ್ತಾನೆ,” ಎಂದಳು. ಚೊಂಬು ತಂದು ಆ ಅಪರಿಚಿತನ ಕೈಗೆ ನೀರು ಹಾಕಿದಳು. “ನೀವು ಕೈಯಲ್ಲೇ ಉಣ್ಣಿ. ಹಸಿದವರನ್ನು ಎಲೆಯಿಂದ ಎಬ್ಬಿಸುವ ಮನೆ ಅಲ್ಲ ಇದು. ಉಂಡು ಹೋಗಿ. ಇನ್ನು ಈ ಕಡೆ ಬರಬೇಡಿ.”

ಅವನು ಉಂಡ. ತಲೆ ಎತ್ತಲಿಲ್ಲ. ಇನ್ನೊಮ್ಮೆ ಅನ್ನ ಹಾಕಿಸಿಕೊಂಡ.

ಬೇರೆ ಹೆಸರಿನಲ್ಲಿ, ಕೊಲೆಯ ಶಿಕ್ಷೆಗೆ, ಕಣ್ಣೂರಿನ ಸೆರೆಮನೆಯಲ್ಲಿ ಹದಿನೈದು ವರ್ಷ ಕೂತು, ತಿಂಗಳಿಗೊಂದು ಪತ್ರ ಹೇಳಿ ಬರೆಸಿ ತಾನೇ ಹುಟ್ಟಿಸಿ ಬೆಳೆಸಿದ ಆ ಸಿಂಗಾಪುರದ ಅಣ್ಣನನ್ನು ತಂಗಿಯ ಮನೆಯಲ್ಲಿ ಜೀವಂತ ಬಿಟ್ಟು, ವೆಂಕಪ್ಪ ಬೆಳ್ತಂಗಡಿಯ ಬಸ್ಸು ಹತ್ತಿದ.